ಉಪಾಧ್ಯಾಯರನ್ನು ಪ್ರಶ್ನಿಸುವುದು ಸಲ್ಲುವುದೇ?

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ತಂದೆತಾಯಿಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಉಪಾಧ್ಯಾಯರಾದ ನಮ್ಮನ್ನು ಈ ವೇದಿಕೆಗೆ ಕರೆದಿರುವುದು ಸನ್ಮಾನಿಸುವುದಕ್ಕಲ್ಲ, ಪ್ರಶ್ನಿಸುವುದಕ್ಕೆ. ಇದು ನಮಗೆ ಹೊಸ ಅನುಭವ. ತರಗತಿಯಲ್ಲಿ ಪ್ರಶ್ನೆ ಕೇಳುವ ಅಧಿಕಾರವು ನಮ್ಮದೆಂದೇ ನಂಬಿ ದಿನ ಕಳೆಯುವವರು ನಾವು. ತಾವು ಚೀಟಿಗಳಲ್ಲಿ ಬರೆದುಕೊಟ್ಟಿರುವ ಪ್ರಶ್ನೆಗಳನ್ನು ಓದಿದ್ದೇವೆ. ಅವುಗಳಲ್ಲಿ ಅರ್ಧದಷ್ಟು ಚೀಟಿಗಳು ಕ್ಷಮಾಪಣೆಯಿಂದ ಆರಂಭವಾಗುತ್ತವೆ. ಕೇಳುವುದು ತಪ್ಪಾದರೆ ಮನ್ನಿಸಬೇಕು ಎಂದು ಬರೆದ ತರುವಾಯವೇ ತಾಯಿಯೊಬ್ಬರಿಗೆ ತಮ್ಮ ಮಗನನ್ನು ಹಿಂದಿನ ಬೆಂಚಿನಲ್ಲಿ ಏಕೆ ಕೂರಿಸಿದ್ದೀರಿ ಎಂದು ಕೇಳಲು ಧೈರ್ಯ ಬಂದಿದೆ. ಆದುದರಿಂದ ಆ ಒಂದೊಂದು ಪ್ರಶ್ನೆಗೂ ಉತ್ತರಿಸುವ ಮೊದಲು, ಉಪಾಧ್ಯಾಯರನ್ನು ಪ್ರಶ್ನಿಸುವುದು ಸಲ್ಲುವುದೇ ಎಂಬ ಬರೆಯದೆ ಉಳಿದಿರುವ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ.

ಗುರುವನ್ನು ದೇವರ ಸಮಾನನೆಂದು ಬಗೆಯುವ ನಾಡು ನಮ್ಮದು. ಅದಕ್ಕೆ ಸರಿಯಾಗಿ ಹಿಂದಿನ ಕಾಲದ ನಮ್ಮ ಜ್ಞಾನೋಪದೇಶದ ಪುಸ್ತಕಗಳೂ ಪ್ರಶ್ನೋತ್ತರ ರೂಪದಲ್ಲಿಯೇ ಇದ್ದವು. ಅಲ್ಲಿ ಪ್ರಶ್ನೆ ಯಾವಾಗಲೂ ಉಪದೇಶಿಯದು, ಉತ್ತರ ಯಾವಾಗಲೂ ಮಗುವಿನದು, ಅದೂ ಅಚ್ಚಿನಲ್ಲಿದ್ದಂತೆಯೇ ಬರಬೇಕು. ಆ ಕ್ರಮದಿಂದ ನಮ್ಮ ಹಿರಿಯರು ವಿಶ್ವಾಸದ ಸತ್ಯಗಳನ್ನು ಸಾಯುವವರೆಗೂ ಮರೆಯಲಿಲ್ಲ; ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಅದೇ ಅಭ್ಯಾಸವು ಶಾಲೆಯ ಬಾಗಿಲಿನವರೆಗೂ ಬಂದು, ಮಗುವಿನ ತಂದೆಯೂ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕೈಕಟ್ಟಿ ನಿಲ್ಲುವಂತಾಯಿತು.

ಪವಿತ್ರ ಶುಭಸಂದೇಶವು ಈ ವಿಷಯದಲ್ಲಿ ನಮಗೆ ಬೇರೆಯ ಚಿತ್ರವನ್ನೇ ಕೊಡುತ್ತದೆ. ಸಂತ ಲೂಕರ ಎರಡನೆಯ ಅಧ್ಯಾಯವನ್ನು ನೆನೆಯಿರಿ. ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತನ್ನು ಆಲಿಸುತ್ತಿದ್ದುದಷ್ಟೇ ಅಲ್ಲ, ಅವರನ್ನು ಪ್ರಶ್ನಿಸುತ್ತಲೂ ಇದ್ದರು. ಆ ಬೋಧಕರು ಕೋಪಿಸಿಕೊಂಡರೆಂದು ಎಲ್ಲಿಯೂ ಬರೆದಿಲ್ಲ. ಮೂರು ದಿನ ಹುಡುಕಿ ಬಳಲಿ ಬಂದ ಮಾತೆ ಮರಿಯಮ್ಮನವರು ಆ ವಿದ್ವಾಂಸರೆಲ್ಲರ ಸಮಕ್ಷಮದಲ್ಲಿಯೇ ಮಗನನ್ನು ಏಕೆ ಹೀಗೆ ಮಾಡಿದೆ ಎಂದು ಕೇಳಿದರು. ತಾಯಿಯ ಪ್ರಶ್ನೆಗೆ ಅಲ್ಲಿ ಅನುಮತಿ ಬೇಕಾಗಲಿಲ್ಲ.

ಇದಕ್ಕಿಂತಲೂ ನಮ್ಮ ವೃತ್ತಿಗೆ ಹತ್ತಿರವಾದ ಪ್ರಸಂಗವು ಸಂತ ಯೊವಾನ್ನರ ಹದಿನೆಂಟನೆಯ ಅಧ್ಯಾಯದಲ್ಲಿದೆ. ಪ್ರಭುವನ್ನು ಬಂಧಿಸಿ ತಂದ ರಾತ್ರಿ, ಪ್ರಧಾನ ಯಾಜಕನು ಅವರ ಶಿಷ್ಯರನ್ನು ಕುರಿತೂ ಅವರ ಬೋಧನೆಯನ್ನು ಕುರಿತೂ ವಿಚಾರಿಸಿದನು. ಉಪಾಧ್ಯಾಯರೊಬ್ಬರನ್ನು ಅವರ ಪಾಠದ ವಿಷಯವಾಗಿ ವಿಚಾರಣೆಗೆ ಗುರಿಪಡಿಸಿದ ಸಂದರ್ಭವದು. ಪ್ರಭುವು ತಾವು ಗುಟ್ಟಾಗಿ ಏನನ್ನೂ ಕಲಿಸಿಲ್ಲವೆಂದೂ ಜನ ಸೇರುವ ಸ್ಥಳಗಳಲ್ಲಿಯೇ ಬಹಿರಂಗವಾಗಿ ಬೋಧಿಸಿದ್ದಾಗಿಯೂ ತಿಳಿಸಿ, ಬೋಧನೆಯ ವಿಚಾರವನ್ನು ಅದನ್ನು ಕೇಳಿಸಿಕೊಂಡವರಲ್ಲಿಯೇ ವಿಚಾರಿಸಬೇಕೆಂದರು. ಪಕ್ಕದಲ್ಲಿದ್ದ ಕಾವಲುಗಾರನು ಅವರ ಕೆನ್ನೆಗೆ ಹೊಡೆದನು. ಅವರು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಪ್ಪಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂಬುದಾಗಿ ಕೇಳಿದರು. ಪಾಠ ಹೇಗಿತ್ತೆಂಬುದನ್ನು ಕೇಳಿದವರಿಂದಲೇ ತಿಳಿಯಬೇಕು ಎಂಬ ಅಳತೆಗೋಲನ್ನು ಪರಮ ಬೋಧಕರೇ ತಮ್ಮ ಮೇಲೆ ಇಟ್ಟುಕೊಂಡಿರುವಾಗ, ನಾವು ಅದರಿಂದ ತಪ್ಪಿಸಿಕೊಳ್ಳುವುದು ಯಾವ ನ್ಯಾಯ?

ಧರ್ಮಸಭೆಯ ಮಾತೂ ಇದಕ್ಕೆ ವಿರುದ್ಧವಾಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತು. ಅದೇ ಘೋಷಣೆಯು ಉಪಾಧ್ಯಾಯರಿಗೆ ತಂದೆತಾಯಿಗಳ ಜೊತೆಗಾರರಾಗಿ ಕೆಲಸ ಮಾಡಬೇಕೆಂದು ತಿಳಿಸುವುದಲ್ಲದೆ, ಶಾಲೆ ಬಿಟ್ಟುಹೋದ ವಿದ್ಯಾರ್ಥಿಗಳಿಗೂ ಸಲಹೆಯಿಂದ, ಸ್ನೇಹದಿಂದ ಆಸರೆಯಾಗಬೇಕೆಂದು ಹೇಳುತ್ತದೆ. ಮುಂದೆ 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 796ನೆಯ ವಿಧಿಯು ಉಪಾಧ್ಯಾಯರು ತಂದೆತಾಯಿಗಳ ಮಾತನ್ನು ಮನಃಪೂರ್ವಕವಾಗಿ ಕೇಳಬೇಕೆಂದೂ, ತಂದೆತಾಯಿಗಳ ಸಂಘಗಳನ್ನು ಅಥವಾ ಸಭೆಗಳನ್ನು ಏರ್ಪಡಿಸಿ ಅವುಗಳಿಗೆ ಗೌರವ ಸಲ್ಲಿಸಬೇಕೆಂದೂ ವಿಧಿಸಿತು. ಗೌರವ ಎಂಬ ಪದವನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ಸಭೆ ಕರೆದು, ಶುಲ್ಕದ ಏರಿಕೆಯನ್ನು ಓದಿ ಹೇಳಿ, ಬಿಸ್ಕತ್ತು ಕೊಟ್ಟು ಕಳುಹಿಸಿದರೆ ಆ ವಿಧಿಯನ್ನು ನಡೆಸಿದಂತಾಗದು.

ಈ ಮಾತಿಗೆ ಇಂದು ವಿಶೇಷ ತೂಕವಿದೆ. ಕಾರಣವನ್ನು ತಮ್ಮ ಮುಂದಿಡುತ್ತೇವೆ. ಕರ್ನಾಟಕ ಸರ್ಕಾರವು 2001ರಲ್ಲಿ ತನ್ನ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ತಂದೆತಾಯಿಗಳನ್ನು ಅದರಲ್ಲಿ ಕೂರಿಸಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ಹೇಳಿತು. ತಂದೆತಾಯಿಗಳ ಸಭೆಗಳನ್ನು ಕ್ರಮವಾಗಿ ನಡೆಸಿ ಮಗುವಿನ ಹಾಜರಿ, ಕಲಿಕೆಯ ಶಕ್ತಿ, ಸಾಧಿಸಿದ ಪ್ರಗತಿ ಇವುಗಳನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅದರ 24ನೆಯ ಪ್ರಕರಣದಲ್ಲಿ ಬರೆದಿದೆ. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಅನುದಾನ ಪಡೆದಿರಲಿ ಪಡೆಯದಿರಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆಯು ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ವಿಷಯದಲ್ಲಿ ಸಂದೇಹ ವ್ಯಕ್ತಪಡಿಸಿ, ಅದನ್ನು ಮರುಪರಿಶೀಲಿಸಬೇಕೇ ಎಂಬುದನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು.

ಅಲ್ಪಸಂಖ್ಯಾತರ ಹಕ್ಕು ನಮಗೆ ಅಮೂಲ್ಯವಾದುದು. ಸಂವಿಧಾನದ 30ನೆಯ ಅನುಚ್ಛೇದವು ಕೊಟ್ಟ ಆ ರಕ್ಷಣೆಯನ್ನು ಬಿಟ್ಟುಕೊಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಆ ಹಕ್ಕು ಇರುವುದು ನಮ್ಮ ಸಮುದಾಯಕ್ಕೆ. ಸಮುದಾಯವೆಂದರೆ ಆಡಳಿತ ಮಂಡಳಿಯ ನಾಲ್ಕು ಕುರ್ಚಿಗಳಷ್ಟೇ ಅಲ್ಲ. ಸರ್ಕಾರಿ ಶಾಲೆಯ ಕೂಲಿಕಾರ ತಾಯಿಗೆ ಸಮಿತಿಯಲ್ಲಿ ಕುಳಿತು ಪ್ರಶ್ನೆ ಕೇಳುವ ಅಧಿಕಾರವಿದ್ದು, ಪೂಜೆಗೆ ತಪ್ಪದೆ ಬರುವ ಕಥೋಲಿಕ ತಾಯಿಗೆ ಕಥೋಲಿಕ ಶಾಲೆಯಲ್ಲಿ ಅದು ಇಲ್ಲವೆಂದಾದರೆ, ನಾವು ಗೆದ್ದ ಮೊಕದ್ದಮೆಯ ಫಲವೇನೆಂದು ಯೋಚಿಸಬೇಕಾಗುತ್ತದೆ. ರಾಜ್ಯದ ಕಾನೂನು ನಮ್ಮನ್ನು ಬಿಟ್ಟುಕೊಟ್ಟಿರಬಹುದು, ಧರ್ಮಸಭೆಯ ಕಾನೂನು ಬಿಟ್ಟಿಲ್ಲ.

ಇನ್ನು ಚೀಟಿಗಳಿಗೆ ಬರೋಣ.

ಮೊದಲನೆಯದು ಹೊಡೆತದ ಪ್ರಶ್ನೆ. ಆಶ್ಚರ್ಯವೆಂದರೆ, ಹೊಡೆಯುವಿರೇಕೆ ಎಂದು ಕೇಳಿದವರಿಗಿಂತ, ಈಗೀಗ ಹೊಡೆಯುವುದಿಲ್ಲವೇಕೆ ಎಂದು ಕೇಳಿದವರೇ ಹೆಚ್ಚು. ಕಣ್ಣೆರಡನ್ನು ಬಿಟ್ಟು ಚರ್ಮ ಸುಲಿದರೂ ಅಡ್ಡಿಯಿಲ್ಲವೆಂದು ಮಗುವನ್ನು ಒಪ್ಪಿಸಿ ಹೋಗುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳಲ್ಲವೇ ನಾವು! ಕಡ್ಡಾಯ ಶಿಕ್ಷಣ ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯಿದೆಯೇ ನಮಗೆ ಅನ್ವಯಿಸದಲ್ಲ ಎಂದು ಜಾಣತನ ತೋರುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. ದೆಹಲಿಯ ಶಾಲಾ ಶಿಕ್ಷಣ ನಿಯಮಗಳಲ್ಲಿ ಬೆತ್ತದೇಟಿಗೆ ಅವಕಾಶವಿತ್ತು. ತಂದೆತಾಯಿಗಳ ವೇದಿಕೆಯೊಂದು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. 2000ದ ಡಿಸೆಂಬರ್ 1ರಂದು ದೆಹಲಿ ಹೈಕೋರ್ಟು ಆ ನಿಯಮವನ್ನು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ರದ್ದುಪಡಿಸಿತು. ಮಗುವಿನ ಘನತೆಯೆಂಬುದು ಒಂದು ಕಾಯಿದೆಯ ಕೃಪೆಯಿಂದ ಬಂದುದಲ್ಲ.

ಬೆತ್ತ ಹೋಯಿತು, ನಾಲಿಗೆ ಉಳಿದಿದೆ. ತರಗತಿಯನ್ನು ನಗಿಸುವುದಕ್ಕೆಂದು ಒಂದು ಮಗುವಿನ ಬಡತನವನ್ನೋ ಉಚ್ಚಾರಣೆಯನ್ನೋ ಎತ್ತಿ ಆಡಿದರೆ, ಆ ಗಾಯಕ್ಕೆ ಬಾಸುಂಡೆ ಕಾಣಿಸುವುದಿಲ್ಲ. ಸಾಯಂಕಾಲ ಮನೆಗೆ ಬಂದ ಮಗುವಿನ ಅಂಗಿ ಹರಿದಿದೆಯೇ ಎಂದು ನೋಡುವಂತೆಯೇ, ಈ ದಿನ ನಿನ್ನನ್ನು ನೋಡಿ ಯಾರಾದರೂ ನಕ್ಕರೇ ಎಂದು ವಿಚಾರಿಸಿರಿ. ಉತ್ತರವನ್ನು ನಮಗೆ ಬಂದು ತಿಳಿಸಿರಿ.

ಹಳೆಯ ವಿದ್ಯಾರ್ಥಿಗಳು ಈ ಬಗ್ಗೆ ಬರೆದಿರುವುದು ಬೇರೆಯೇ ರಾಗದಲ್ಲಿದೆ. ಹಿಂದಿನ ಗುರುಗಳ ಏಟಿನಿಂದಲೇ ತಾವು ಮನುಷ್ಯರಾದೆವೆಂದು ಹಲವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಅವರ ಪ್ರೀತಿಗೆ ನಾವು ಋಣಿಗಳು. ಆದರೂ ಒಂದು ಮಾತನ್ನು ಹೇಳದೆ ಇರಲಾರೆವು. ಇಂತಹ ಕೂಟಗಳಿಗೆ ಬರುವವರು ಯಾರು? ಓದಿ ಒಂದು ನೆಲೆ ಕಂಡವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಳೆಯ ಗುರುಗಳೊಡನೆ ಛಾಯಾಚಿತ್ರ ತೆಗೆಸಿಕೊಳ್ಳಲು ಸಂಕೋಚವಿಲ್ಲದವರು. ಏಟು ತಿಂದು ಏಳನೆಯ ತರಗತಿಗೇ ಶಾಲೆ ತೊರೆದವನು ಇಲ್ಲಿಗೆ ಬರುವುದಿಲ್ಲ. ಆಮಂತ್ರಣ ಕಳುಹಿಸಲು ಅವನ ವಿಳಾಸವೂ ಯಾರಲ್ಲಿಯೂ ಇಲ್ಲ. ಏಟಿನಿಂದ ಮನುಷ್ಯರಾದವರ ಸಾಕ್ಷ್ಯ ಮಾತ್ರ ನಮ್ಮ ಮುಂದಿದೆ. ಏಟಿನಿಂದ ಓಡಿಹೋದವರ ಸಾಕ್ಷ್ಯ ಈ ಪೆಟ್ಟಿಗೆಗೆ ಬಿದ್ದಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿಹೋದ ಕುರುಬನ ಸಾಮತಿಯನ್ನು ವರ್ಷವರ್ಷವೂ ಕಲಿಸುವ ನಾವು ನಮ್ಮ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದ ಹೆಸರುಗಳನ್ನು ಅರಸಿಹೋದದ್ದುಂಟೇ ಎಂದು ಯಾರಾದರೂ ಚೀಟಿಯಲ್ಲಿ ಕೇಳಬಹುದಾಗಿತ್ತು. ಯಾರೂ ಕೇಳಿಲ್ಲ.

ಹಳೆಯ ವಿದ್ಯಾರ್ಥಿಗಳ ಪ್ರಶ್ನೆಗೆ ತಲೆಬಾಗಿದ ಗುರುವೊಬ್ಬರ ದೃಷ್ಟಾಂತವು ಧರ್ಮಸಭೆಯ ಚರಿತ್ರೆಯಲ್ಲಿಯೇ ಇದೆ. ಇಟಲಿಯ ಟ್ಯೂರಿನ್ ನಗರದಲ್ಲಿ ಬಡ ಹುಡುಗರಿಗಾಗಿ ದುಡಿದ ಸಂತ ಜಾನ್ ಬೋಸ್ಕೋ ಅವರು ದಂಡನೆಯನ್ನು ನಂಬದ ತಮ್ಮ ಶಿಕ್ಷಣಕ್ರಮವನ್ನು 1877ರಲ್ಲಿಯೇ ಬರೆದಿಟ್ಟಿದ್ದರು. 1884ರ ಮೇ 10ರಂದು, ರೋಮಿನಲ್ಲಿದ್ದಾಗ, ಅವರು ತಮ್ಮ ಸಂಸ್ಥೆಗೆ ಒಂದು ಪತ್ರವನ್ನು ಬರೆದರು. ಅದರಲ್ಲಿ ಒಂದು ಕನಸಿನ ವೃತ್ತಾಂತವಿದೆ. ಹಿಂದೆ ತಮ್ಮಲ್ಲಿ ಬೆಳೆದ ಇಬ್ಬರು ಹಳೆಯ ವಿದ್ಯಾರ್ಥಿಗಳು ಕಾಣಿಸಿಕೊಂಡು, ಒಬ್ಬನು ಅಂದಿನ ಆಟದ ಅಂಗಳವನ್ನೂ ಇನ್ನೊಬ್ಬನು ಇಂದಿನ ಆಟದ ಅಂಗಳವನ್ನೂ ತೋರಿಸುತ್ತಾರೆ. ಅಂದು ಗುರುಗಳು ಹುಡುಗರ ನಡುವೆಯೇ ಇದ್ದು ಆಡುತ್ತಿದ್ದರು. ಇಂದು ದೂರದಲ್ಲಿ ತಮ್ಮತಮ್ಮಲ್ಲಿ ಮಾತನಾಡಿಕೊಂಡು ನಿಂತಿದ್ದಾರೆ. ಹುಡುಗರಿಗಾಗಿ ಎಲ್ಲರೂ ಬೆವರು ಸುರಿಸುತ್ತಿರುವಾಗ ಇನ್ನೇನು ಕೊರತೆ ಎಂದು ಬೋಸ್ಕೋ ಅವರು ಕೇಳಿದಾಗ, ಪ್ರೀತಿಸಿದರೆ ಸಾಲದು, ಆ ಪ್ರೀತಿಯು ಹುಡುಗರ ಅರಿವಿಗೆ ಬರಬೇಕು ಎಂಬ ಅರ್ಥದ ಉತ್ತರ ಬಂದಿತು. ಅಂದು ಅವರಿಗೆ ಅರುವತ್ತೆಂಟು ವರ್ಷ, ಯೂರೋಪಿನಲ್ಲೆಲ್ಲ ಹೆಸರಾದವರು. ಅವರು ಆ ಮಾತನ್ನು ಬಚ್ಚಿಡದೆ ಪತ್ರದಲ್ಲಿ ಬರೆಯಿಸಿ ಸಂಸ್ಥೆಗೆ ಕಳುಹಿಸಿದರು.

ಎರಡನೆಯ ವಿಷಯ ಭಾಷೆ. ಇಲ್ಲಿ ತಂದೆತಾಯಿಗಳೂ ಹಳೆಯ ವಿದ್ಯಾರ್ಥಿಗಳೂ ಎದುರುಬದುರಾಗಿ ನಿಂತಿರುವುದು ಚೀಟಿಗಳಲ್ಲಿ ಸ್ಪಷ್ಟವಾಗಿದೆ. ಅಲ್ಲಾಳಸಂದ್ರವೆಂಬ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ದ ರೂಪ; ಕೆರೆಯ ಊರು. ಬಳ್ಳಾರಿ ರಸ್ತೆಯ ಪಕ್ಕದ ಈ ಊರು ಒಂದು ಕಾಲಕ್ಕೆ ಹೊಲತೋಟಗಳ ನಡುವೆ ಇತ್ತು. ಪಕ್ಕದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದಿತು, ಯಲಹಂಕ ಉಪನಗರ ಬೆಳೆಯಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ದೇಶದ ನಾನಾ ಮೂಲೆಗಳ ಕುಟುಂಬಗಳು ಇಲ್ಲಿ ನೆಲೆಸಿವೆ. ಒಂದೇ ತರಗತಿಯಲ್ಲಿ ಐದಾರು ಮನೆಮಾತುಗಳು. ತಮ್ಮ ಮಗುವಿಗೆ ಕನ್ನಡದ ಹೊರೆ ಏಕೆಂದು ಕೆಲವು ತಂದೆತಾಯಿಗಳು ಕೇಳಿದ್ದಾರೆ. ಹತ್ತು ವರ್ಷ ಶಾಲೆಗೆ ಬಂದರೂ ಕನ್ನಡದಲ್ಲಿ ಒಂದು ಅರ್ಜಿಯನ್ನು ಬರೆಯಲು ಬರದಂತೆ ತಮ್ಮನ್ನು ಕಳುಹಿಸಿದಿರೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ!

ಮೊದಲನೆಯವರಿಗೆ ಕಾನೂನಿನ ಉತ್ತರವಿದೆ. ಪ್ರಾಥಮಿಕ ಹಂತದಲ್ಲಿ ಕಲಿಕೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆ ಆಯ್ಕೆ ಮಗುವಿನ ಪರವಾಗಿ ತಂದೆತಾಯಿಗಳದು ಎಂದು ಸುಪ್ರೀಂ ಕೋರ್ಟು ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಮಾನಿಸಿತು. ಅದೂ 2014ರ ಮೇ 6ರಂದೇ, ಅದೇ ಪೀಠದಿಂದಲೇ. ಆದರೆ ಮಾಧ್ಯಮ ಬೇರೆ, ಭಾಷೆಯ ಕಲಿಕೆ ಬೇರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. 2017-18ರಿಂದ ಒಂದನೆಯ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ಇದು ಆರಂಭವಾಯಿತು. ಕಾನೂನನ್ನು ಬದಿಗಿಟ್ಟು ನಮ್ಮ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ಹಳೆಯ ವಿದ್ಯಾರ್ಥಿಗಳ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇವೆ. ತಂದೆತಾಯಿಗಳು ಈ ವರ್ಷದ ಅಂಕಪಟ್ಟಿಯನ್ನು ಹಿಡಿದು ಕೇಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ವರ್ಷದ ಬದುಕನ್ನು ಹಿಡಿದು ಕೇಳುತ್ತಾರೆ. ಶಾಲೆಯ ಆವರಣದಲ್ಲಿ ಕನ್ನಡ ಮಾತನಾಡಿದ ಮಗುವಿಗೆ ದಂಡ ವಿಧಿಸುವ ಪದ್ಧತಿ ಕೆಲವೆಡೆ ಇದ್ದುದು ತಮಗೆಲ್ಲ ತಿಳಿದದ್ದೇ. ಭಾನುವಾರ ಕನ್ನಡದಲ್ಲಿ ಬಲಿಪೂಜೆಗೆ ಕೂತ ಮಗುವಿಗೆ ಸೋಮವಾರ ಅದೇ ಮಾತಿಗೆ ಹತ್ತು ರೂಪಾಯಿ ದಂಡವೆಂದರೆ, ಅದಕ್ಕೆ ಯಾವ ಉಪಾಧ್ಯಾಯರೂ ಉತ್ತರ ಕೊಡಲಾರರು.

ಹಿಂದಿನ ಬೆಂಚಿನ ಪ್ರಶ್ನೆಯನ್ನು ಮರೆತಿಲ್ಲ. ಆರರಿಂದ ಎಂಟನೆಯ ತರಗತಿಯವರೆಗೆ ಮೂವತ್ತೈದು ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕೆಂದು ಕಾಯಿದೆಯ ಅನುಸೂಚಿ ಹೇಳುತ್ತದೆ. ಅಷ್ಟೇ ಇದ್ದರೂ ನಲವತ್ತು ನಿಮಿಷದ ಅವಧಿಯಲ್ಲಿ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ ಚಿಲ್ಲರೆ. ಎಷ್ಟೋ ತರಗತಿಗಳಲ್ಲಿ ಮಕ್ಕಳು ಐವತ್ತನ್ನು ದಾಟುತ್ತಾರೆ. ಆಗ ಮುಂದೆ ಕೈಯೆತ್ತುವ ಹತ್ತು ಮಕ್ಕಳೊಡನೆ ಪಾಠ ಸಾಗುತ್ತದೆ. ಹಿಂದಿನ ಮಗು ಗೋಡೆಯಂತೆ ಕುಳಿತಿರುತ್ತದೆ. ಬೆಂಚುಗಳನ್ನು ವಾರವಾರ ಬದಲಿಸುವುದು ಸುಲಭ, ಅದನ್ನು ಮಾಡಬಹುದು. ಮಕ್ಕಳ ಸಂಖ್ಯೆಯನ್ನು ಇಳಿಸುವುದು ಉಪಾಧ್ಯಾಯರ ಕೈಯಲ್ಲಿಲ್ಲ. ಆ ಪ್ರಶ್ನೆಯನ್ನು ಆಡಳಿತ ಮಂಡಳಿಗೆ ಹಾಕಿರಿ, ನಾವೂ ತಮ್ಮ ಹಿಂದೆ ನಿಲ್ಲುತ್ತೇವೆ.

ಪ್ರಶ್ನಿಸುವ ರೀತಿಯ ಬಗ್ಗೆ ನಮ್ಮದೂ ಒಂದು ಅಹವಾಲಿದೆ. ಶಾಲೆಯ ಸಭೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಲೆಯಾಡಿಸಿ ಹೋದವರೇ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ಉಪಾಧ್ಯಾಯರ ಹೆಸರು ಹಿಡಿದು ಬರೆಯುತ್ತಾರೆ. ಅಲ್ಲಿ ಆ ಉಪಾಧ್ಯಾಯರೇ ಇರುವುದಿಲ್ಲ. ಬೆಳಗಾಗುವಷ್ಟರಲ್ಲಿ ಐವತ್ತು ಮನೆಗಳಲ್ಲಿ ತೀರ್ಪು ಆಗಿರುತ್ತದೆ, ಮಕ್ಕಳೂ ಓದಿರುತ್ತಾರೆ. ಇಂಗ್ಲಿಷ್ ಬರದ ತಾಯಿ ಸಭೆಯಲ್ಲಿ ಬಾಯಿ ಬಿಡದಿರುವುದಕ್ಕೆ ಕಾರಣ ಬೇರೆ, ಅದನ್ನು ನಾವು ಅರಿತಿದ್ದೇವೆ: ಸಭೆ ನಡೆಯುವುದೇ ಅವರಿಗೆ ಬರದ ಭಾಷೆಯಲ್ಲಿ. ಪಾಳಿಯ ಕೆಲಸದ ತಂದೆಗೆ ಬುಧವಾರ ಹನ್ನೊಂದು ಗಂಟೆಗೆ ಬರಲು ಹೇಳಿದರೆ ಅವರು ಬರುವುದಾದರೂ ಹೇಗೆ? ಇವು ಶಾಲೆ ತಿದ್ದಿಕೊಳ್ಳಬೇಕಾದ ಸಂಗತಿಗಳು.

ಕೊನೆಯದಾಗಿ, ಸಭೆಯಲ್ಲಿ ಉಪಾಧ್ಯಾಯರನ್ನು ಕೇಳಿ ಮುಗಿಸಬಾರದ ಪ್ರಶ್ನೆಯೂ ಒಂದಿದೆ. 2014ರ ಜುಲೈ ತಿಂಗಳಲ್ಲಿ ನಮ್ಮ ನಗರದ ಶಾಲೆಯೊಂದರಲ್ಲಿ ಮಗುವಿನ ಮೇಲೆ ನಡೆದ ದೌರ್ಜನ್ಯದ ಸುದ್ದಿ ತಿಳಿದು ಸಾವಿರಾರು ತಂದೆತಾಯಿಗಳು ಬೀದಿಗಿಳಿದುದು ತಮಗೆ ನೆನಪಿರಬಹುದು. ಮಗುವಿನ ದೇಹಕ್ಕೆ ಅನ್ಯಾಯವಾಗಿದೆ ಎಂಬ ಸಂಶಯ ಬಂದರೆ ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಗುರುಗಳ ಮನೆಯಲ್ಲಿ, ಸಂಸ್ಥೆಯ ಮಾನದ ಹೆಸರಿನಲ್ಲಿ ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಪ್ರಕರಣದಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೋಲೀಸರಿಗೆ ತಿಳಿಸಲೇಬೇಕು. ಈ ಕಾಯಿದೆಗೆ ಅಲ್ಪಸಂಖ್ಯಾತರ ಶಾಲೆ, ಬಹುಸಂಖ್ಯಾತರ ಶಾಲೆ ಎಂಬ ಭೇದವಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ, ಮಗುವಿನ ಕಣ್ಣಿಗೆ ಕಾಣುವ ಎತ್ತರದಲ್ಲಿ ಬರೆಯಿಸಬೇಕೆಂದು ನಮ್ಮ ಕೋರಿಕೆ.

ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ಇದೇ ಸಭಾಂಗಣದಲ್ಲಿ ಒಂದು ಗಂಟೆಯ ಕಾಲ ಕನ್ನಡದಲ್ಲಿ ಕೂಟ ನಡೆಸುವುದಕ್ಕೆ ಧರ್ಮಕೇಂದ್ರದ ಗುರುಗಳ ಅಪ್ಪಣೆಯನ್ನು ಬೇಡುತ್ತೇವೆ. ಅಂಕಪಟ್ಟಿಯನ್ನು ತರಬೇಕಾಗಿಲ್ಲ, ಮಗುವಿನ ಟಿಪ್ಪಣಿ ಪುಸ್ತಕಗಳನ್ನು ತನ್ನಿರಿ, ಅವುಗಳಲ್ಲಿ ನಮ್ಮ ಕೆಂಪು ಶಾಯಿ ಎಲ್ಲಿದೆ ಎಲ್ಲಿಲ್ಲ ಎಂಬುದನ್ನು ಜೊತೆಯಲ್ಲಿ ಕುಳಿತು ನೋಡೋಣ. ಹಳೆಯ ವಿದ್ಯಾರ್ಥಿಗಳು ತಮ್ಮೊಡನೆ ಕಲಿತು ನಡುವೆ ಶಾಲೆ ಬಿಟ್ಟ ಗೆಳೆಯರಲ್ಲಿ ಒಬ್ಬೊಬ್ಬರನ್ನಾದರೂ ಕರೆದುಕೊಂಡು ಬರಲಿ. ಅವರು ಏನು ಕೇಳಿದರೂ ನಾವು ಎದ್ದುಹೋಗುವುದಿಲ್ಲ. ಉಳಿದ ಚೀಟಿಗಳು ಇನ್ನೂ ಹನ್ನೊಂದಿವೆ. ಬರೆದವರು ಕೈಯೆತ್ತಿದರೆ ಈಗಲೇ ತೆಗೆದುಕೊಳ್ಳೋಣ.